ಮನೆವಾರ್ತೆ: ಅಂಕಿಗಳು ಉಳಿದವು, ರೀತಿ ಅಳಿಯಿತು

ಮನೆಯ ಜಮಾ-ಖರ್ಚನ್ನು ದಿನ ತಪ್ಪದೆ ಬರೆದಿಡಬೇಕೆಂದು ಹಿರಿಯರು ಹೇಳುತ್ತ ಬಂದಿರುವರು. ಬರೆದಿಟ್ಟರಷ್ಟೇ ಸಾಲದು, ಬರೆದ ಅಂಕಿ ಯಾವ ರೀತಿಯಿಂದ ಬಂದಿತೆಂಬದನ್ನೂ ಬರೆದಿಡಬೇಕೆಂಬ ಮಾತು ನನಗೆ ಈಚೆಗೆ, ಅದೂ ನಮ್ಮ ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತಾಗ, ಮನವರಿಕೆಯಾಯಿತು. ಆ ಸಂಗತಿಯನ್ನು ವಾಚಕರ ಮುಂದಿಡುವದೇ ಈ ತಿಂಗಳ ಮನೆವಾರ್ತೆಯ ಉದ್ದೇಶ.

ಅಕ್ಕನನ್ನು ಕೊಟ್ಟದ್ದು ಚಿಂಚೋಳಿ ತಾಲೂಕಿನ ಚಿಮ್ಮನಚೋಡಕ್ಕೆ. ಅದು ತೊಗರಿಯ ಸೀಮೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತುದನ್ನು ವಾಚಕರು ಬಲ್ಲರು. ಬಿತ್ತುವದು ಮುಂಗಾರಿನಲ್ಲಿ, ರಾಶಿಯಾಗುವದು ಚಳಿಗಾಲದಲ್ಲಿ. ಒಕ್ಕಲು ಮನೆಗೆ ರೊಕ್ಕ ಬರುವದು ವರ್ಷಕ್ಕೊಮ್ಮೆ. ಖರ್ಚಿಗೆ ಮಾತ್ರ ಹನ್ನೆರಡು ತಿಂಗಳೂ ಬಾಯಿ ತೆರೆದೇ ಇರುತ್ತದೆ. ಈ ನಡುವಣ ಕಷ್ಟವನ್ನು ನೀಗಲೆಂದು ಅಕ್ಕನ ಓಣಿಯ ಹದಿನೆಂಟು ಮಂದಿ ಹೆಣ್ಣುಮಕ್ಕಳು ಉಳಿತಾಯದ ಸಂಘವೊಂದನ್ನು ಕಟ್ಟಿಕೊಂಡಿರುವರು. ನಮ್ಮ ನಾಡಿನಲ್ಲಿ ಸ್ತ್ರೀಶಕ್ತಿ ಯೋಜನೆಯು 2000-01ರಲ್ಲಿ ಆರಂಭವಾದಂದಿನಿಂದ ಇಂಥ ಸಂಘಗಳು ಊರೂರಿಗೂ ಪರಿಚಿತವಾಗಿವೆ. ವಾರವಾರ ಇಷ್ಟಿಷ್ಟೆಂದು ಕೂಡಿಸುವದು, ಬೇಕಾದವರಿಗೆ ಸಾಲ ಕೊಡುವದು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಹಿಡಿಯುವದು, ಇದು ಅವರ ಕಟ್ಟಳೆ.

ಮೊದಮೊದಲು ಲೆಕ್ಕವೆಲ್ಲ ಕಿರ್ದಿ ಪುಸ್ತಕದಲ್ಲಿಯೇ ನಡೆಯಿತು. ಕೆಲ ವರ್ಷಗಳ ಕೆಳಗೆ ಅಕ್ಕನ ಮೈದುನನ ಮಗನು ಕಲಬುರಗಿಯಲ್ಲಿ ಓದುತ್ತಿದ್ದಾಗ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿಕೊಟ್ಟನು. ಸ್ಪ್ರೆಡ್‌ಶೀಟಿನ ಹಾಳೆಯ ಮೇಲೆ ಒಂದು ಗುಂಡಿಯನ್ನು ಇರಿಸಿ ಅದರ ಮೇಲೆ ‘ಬಡ್ಡಿ ತೆಗೆ’ ಎಂದು ಬರೆದಿದ್ದನು. ಅದನ್ನು ಒತ್ತಿದ ಕೂಡಲೆ ಪ್ರತಿಯೊಬ್ಬಳ ಅಸಲು, ಬಡ್ಡಿ, ಉಳಿದ ಸಾಲ ಎಲ್ಲವೂ ತಮ್ಮ ತಮ್ಮ ಮನೆಗಳಲ್ಲಿ ಬಂದು ಕೂಡುತ್ತಿದ್ದವು. ಹೊಸದಾಗಿ ಸಾಲ ತೆಗೆದುಕೊಂಡವಳಿಗೆ ಹತ್ತು ತಿಂಗಳ ಕಂತಿನ ಚೀಟಿಯೂ ಅಚ್ಚಾಗಿ ಹೊರಬೀಳುತ್ತಿತ್ತು. ಹುಡುಗನು ಓದು ಮುಗಿಸಿ ಉದ್ಯೋಗಕ್ಕಾಗಿ ದೂರ ಹೋದನು. ಗುಂಡಿ ಮಾತ್ರ ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿತ್ತು. ಅದರ ಹಿಂದೆ ಏನಿದೆಯೆಂದು ಯಾರೂ ಕೇಳಲಿಲ್ಲ. ಕೇಳುವ ಕಾರಣವೂ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಆ ಹಳೆಯ ಕಂಪ್ಯೂಟರು ಕೆಟ್ಟು ನಿಂತಿತು. ಫೈಲಿನ ಪ್ರತಿಯೊಂದು ಬೇರೆ ಕಡೆ ಇದ್ದುದರಿಂದ ಯಾರೂ ಗಾಬರಿಯಾಗಲಿಲ್ಲ. ಓಣಿಯ ಒಬ್ಬ ಸೊಸೆ ಪದವೀಧರೆ. ಆಕೆಯ ತವರಿನಿಂದ ಬಂದ ಕಂಪ್ಯೂಟರು ಬೇರೊಂದು ಜಾತಿಯದು, ಅದರಲ್ಲಿದ್ದ ಲೆಕ್ಕದ ತಂತ್ರಾಂಶವೂ ಬೇರೆ. ಫೈಲು ಸರಾಗವಾಗಿ ತೆರೆಯಿತು. ಹೆಸರುಗಳಿದ್ದವು, ತಾರೀಖುಗಳಿದ್ದವು, ರೂಪಾಯಿಗಳೂ ಇದ್ದವು. ಉಳಿಸಿಡುವಾಗ ತೆರೆಯ ಮೇಲೆ ಏನೋ ಒಂದು ಎಚ್ಚರಿಕೆಯ ಮಾತು ಬಂದಿತು. ಆಕೆ ‘ಆಗಲಿ’ ಎಂದು ಒತ್ತಿದಳು. ನಾವೆಲ್ಲರೂ ಹಾಗೆಯೇ ಒತ್ತುತ್ತೇವೆ. ಮರುದಿನ ನೋಡಿದರೆ ‘ಬಡ್ಡಿ ತೆಗೆ’ ಎಂಬ ಗುಂಡಿ ಒತ್ತಿದರೆ ಒತ್ತಿದಂತೆಯೇ ಇತ್ತು; ಬಡ್ಡಿ ಮಾತ್ರ ಬರಲಿಲ್ಲ.

ಆ ಹೆಣ್ಣುಮಗಳು ಕೈಕಟ್ಟಿ ಕೂಡುವವಳಲ್ಲ. ಗುಂಡಿ ಇಲ್ಲದಿದ್ದರೇನು, ಬಡ್ಡಿಯ ದರ ಗೊತ್ತಿದೆಯಲ್ಲ ಎಂದು ತಾನೇ ಲೆಕ್ಕಕ್ಕೆ ಕುಳಿತಳು. ಹತ್ತು ಸಾವಿರ ಸಾಲಕ್ಕೆ ತಿಂಗಳಿಗೆ 200 ರೂಪಾಯಿ, ಹತ್ತು ತಿಂಗಳಿಗೆ 2,000 ರೂಪಾಯಿ ಎಂದು ಬರೆದಳು. ಈ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಸಂಘದ ರೀತಿ ಇದಾಗಿರಲಿಲ್ಲ. ಎಲ್ಲರ ಬಡ್ಡಿಯೂ ಹೆಚ್ಚಾಯಿತು. ಕಂಪ್ಯೂಟರಿನಿಂದ ಬಂದ ಅಂಕಿ ತಪ್ಪಾದೀತೇ ಎಂದು ಯಾರೂ ಬಾಯಿ ಎತ್ತಲಿಲ್ಲ.

ಒಬ್ಬಳ ವಿಷಯದಲ್ಲಿ ಇದು ಇಷ್ಟಕ್ಕೇ ಮುಗಿಯಲಿಲ್ಲ. ಆಕೆ ಕಿರಿಯ ವಯಸ್ಸಿನವಳು. ಚೊಚ್ಚಲ ಹೆರಿಗೆಯ ಕಾಲಕ್ಕೆ ಹತ್ತು ಸಾವಿರ ರೂಪಾಯಿ ಸಾಲ ತೆಗೆದುಕೊಂಡು, ತಿಂಗಳಿಗೆ ಒಂದು ಸಾವಿರದಂತೆ ಒಂದು ಕಂತೂ ತಪ್ಪದೆ ತೀರಿಸಿದ್ದಳು. ಬಡ್ಡಿಯೆಂದು ಒಟ್ಟು 720 ರೂಪಾಯಿ ಕೊಟ್ಟಿದ್ದಳು. ಹೊಸ ಲೆಕ್ಕದಂತೆ ಇನ್ನೂ 1,280 ರೂಪಾಯಿ ಬರಬೇಕಾಯಿತು. ಮೇಲಾಗಿ ಆಕೆಯ ಹೆಸರಿನ ಮುಂದೆ ಒಂದು ಮನೆಯಲ್ಲಿ ‘ಬಾ’ ಎಂಬ ಒಂದೇ ಅಕ್ಷರವಿತ್ತು. ಮೊದಲ ಎರಡು ತಿಂಗಳ ಬಡ್ಡಿಯ ಸ್ಥಳದಲ್ಲಿ ಸೊನ್ನೆಗಳಿದ್ದವು. ‘ಬಾ’ ಎಂದರೆ ಬಾಕಿಯಲ್ಲದೆ ಮತ್ತೇನು? ಮುಂದೆ ಆಕೆ ಎಮ್ಮೆ ಕೊಳ್ಳಲೆಂದು ಸಾಲ ಕೇಳಿದಾಗ, ಬಾಕಿದಾರಳಿಗೆ ಎರಡನೆಯ ಸಾಲವಿಲ್ಲವೆಂದು ಉತ್ತರವಾಯಿತು. ಆಕೆ ತನ್ನ ಹಳೆಯ ಚೀಟಿಯನ್ನು ತೋರಿಸಿದಳು. ಎರಡು ತಿಂಗಳು ಸೊನ್ನೆ ಬಂದಿರುವದರಿಂದ ಆ ಚೀಟಿಯೇ ತಪ್ಪೆಂದರು. ಅಂದಿನಿಂದ ಆಕೆ ಸಂಘದ ಕೂಟಕ್ಕೆ ಬರುವದನ್ನು ಬಿಟ್ಟಳು.

ನಾನು ಹೋದದ್ದು ಈ ಸಮಯಕ್ಕೆ. ಅಕ್ಕನು ನೀರು ಕೊಟ್ಟು ಕುಳಿತವಳೇ, “ತಮ್ಮಾ, ಅಂಕಿ ಎಲ್ಲಾ ಅವ. ಲೆಕ್ಕ ಮಾತ್ರ ಎಲ್ಲಿ ಹೋಯ್ತೋ ತಿಳೀವಲ್ದು” ಎಂದಳು. ಹುಡುಗನಿಗೆ ಫೋನು ಮಾಡಿದೆವು. “ದೊಡ್ಡವ್ವಾ, ಬರದಾಂವ ನಾನೇ ಖರೆ. ಏನು ಬರದೆ ಅಂಬೋದು ಈಗ ನೆನಪಿಲ್ಲ” ಎಂದನು. ಅವನ ಬಳಿಯಲ್ಲಿ ಹಳೆಯ ಪ್ರತಿಯೂ ಇರಲಿಲ್ಲ.

ಇಲ್ಲಿ ಕಥೆಯನ್ನು ತುಸು ನಿಲ್ಲಿಸಿ, ಗುಂಡಿಯ ಹಿಂದೆ ಇದ್ದುದಾದರೂ ಏನೆಂಬದನ್ನು ತಿಳಿಯುವದು ಯುಕ್ತ.

ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕವು ಎರಡು ಬಗೆಯಾಗಿ ನೆಲೆಸಿರುತ್ತದೆ. ಮೊದಲನೆಯದು ಸೂತ್ರ. ಒಂದು ಮನೆಯಲ್ಲಿ ‘ಮೇಲಿನವುಗಳನ್ನು ಕೂಡು’, ‘ಇದನ್ನು ಅದರಿಂದ ಕಳೆ’ ಎಂದು ಬರೆದಿಡುವದು. ಕೂಡುವ, ಕಳೆಯುವ, ಗುಣಿಸುವ ಇಂಥ ಸಾದಾ ಸೂತ್ರಗಳನ್ನು ಬಹುತೇಕ ಎಲ್ಲ ಲೆಕ್ಕದ ತಂತ್ರಾಂಶಗಳೂ ಒಂದೇ ಬಗೆಯಾಗಿ ಓದಿಕೊಳ್ಳುವವು; ಮಗ್ಗಿಯು ಯಾವ ಊರಿನ ಶಾಲೆಯಲ್ಲಿಯೂ ಒಂದೇ ಆಗಿರುವಂತೆ. ಎರಡನೆಯದು ಮ್ಯಾಕ್ರೊ. ‘ಮೊದಲು ಈ ಹೆಸರನ್ನು ನೋಡು, ಅದರ ಮುಂದೆ ಇಂಥ ಗುರುತಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು, ಕಡೆಗೆ ಚೀಟಿ ತೆಗೆ’ ಎಂದು ಹೇಳುವ ಆಜ್ಞೆಗಳ ಸರಣಿಯದು. ಅದನ್ನು ಬರೆಯಲು ಬೇರೆಯೇ ಒಂದು ಭಾಷೆ ಬೇಕು. ಆ ಭಾಷೆಯನ್ನು ಬಲ್ಲ ಭಾಗವೊಂದು ತಂತ್ರಾಂಶದೊಳಗೆ ಇರಲೇಬೇಕು. ಅದಿಲ್ಲದ ಕಡೆಗೆ ಫೈಲನ್ನು ಒಯ್ದರೆ ಖಾತೆಪುಸ್ತಕ ಬಂದಂತಾಯಿತು, ಗುಮಾಸ್ತನು ಬರಲಿಲ್ಲ.

ಈ ವಿದ್ಯೆಯ ವಯಸ್ಸು ಹೆಚ್ಚಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್‌ಸ್ಟನ್ ಎಂಬವರು ಆಪಲ್ ಕಂಪನಿಯ ಚಿಕ್ಕ ಗಣಕಯಂತ್ರಕ್ಕೆಂದು ವಿಸಿಕ್ಯಾಲ್ಕ್ ಎಂಬ ತಂತ್ರಾಂಶವನ್ನು ಹೊರತಂದರು. ಮನೆಮನೆಗೆ ಬಂದ ಸ್ಪ್ರೆಡ್‌ಶೀಟುಗಳ ಮೂಲ ಅದೇ. 1983ರಲ್ಲಿ ಬಂದ ಲೋಟಸ್ 1-2-3 ಎಂಬದರಲ್ಲಿ ಕೀಲಿಗಳನ್ನು ಒತ್ತುವ ಕ್ರಮವನ್ನೇ ಮ್ಯಾಕ್ರೊ ಆಗಿ ಬರೆದಿಡುವ ಅನುಕೂಲವಿತ್ತು. ಮೈಕ್ರೊಸಾಫ್ಟಿನ ಎಕ್ಸೆಲ್ ಮೊದಲು ಹುಟ್ಟಿದ್ದು 1985ರಲ್ಲಿ, ಆಪಲ್ಲಿನ ಮ್ಯಾಕಿಂಟಾಷ್ ಗಣಕದ ಮೇಲೆ. ವಿಂಡೋಸಿಗೆ ಅದು ಬಂದದ್ದು 1987ರಲ್ಲಿ. 1993ರಿಂದ ಎಕ್ಸೆಲ್ಲಿನ ಮ್ಯಾಕ್ರೊಗಳನ್ನು ವಿಬಿಎ ಎಂಬ ಭಾಷೆಯಲ್ಲಿ ಬರೆಯುವ ರೂಢಿ ಬಿದ್ದಿತು. ಜಗತ್ತಿನ ಕಚೇರಿಗಳೂ ಅಂಗಡಿಗಳೂ ತಮ್ಮ ನಿತ್ಯದ ಲೆಕ್ಕವನ್ನು ಆ ಭಾಷೆಗೆ ಒಪ್ಪಿಸಿ ನಿಶ್ಚಿಂತವಾದವು.

ಆ ನಿಶ್ಚಿಂತೆಗೆ ದೊಡ್ಡ ಪೆಟ್ಟು ಬಿದ್ದದ್ದು 2008ರಲ್ಲಿ. ಆಪಲ್ ಕಂಪನಿಯು ತನ್ನ ಮ್ಯಾಕ್ ಗಣಕಗಳಲ್ಲಿ ಪವರ್‌ಪಿಸಿ ಎಂಬ ಸಂಸ್ಕಾರಕವನ್ನು ಬಿಟ್ಟು ಇಂಟೆಲ್ ಸಂಸ್ಕಾರಕಗಳಿಗೆ ತಿರುಗುವದಾಗಿ 2005ರಲ್ಲಿ ಸಾರಿತ್ತು. ಸಂಸ್ಕಾರಕವೆಂದರೆ ಗಣಕದೊಳಗೆ ಲೆಕ್ಕ ಮಾಡುವ ತಿರುಳು. ಮ್ಯಾಕ್‌ನ ಎಕ್ಸೆಲ್ಲಿನೊಳಗೆ ವಿಬಿಎಯನ್ನು ನಡೆಸುವ ಭಾಗವು ಹಳೆಯ ಸಂಸ್ಕಾರಕಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅದನ್ನು ಹೊಸದಕ್ಕೆ ಒಗ್ಗಿಸುವದು ಬಹು ಶ್ರಮದ ಕೆಲಸವಾಗಿತ್ತು. ಹೀಗಾಗಿ 2008ರ ಜನವರಿಯಲ್ಲಿ ಮ್ಯಾಕ್‌ಗೆಂದು ಹೊರಬಂದ ಆಫೀಸ್ 2008ರಲ್ಲಿ ವಿಬಿಎ ಇರಲೇ ಇಲ್ಲ. ಅದೇ ಫೈಲು ವಿಂಡೋಸಿನಲ್ಲಿ ದುಡಿಯುತ್ತಿತ್ತು, ಮ್ಯಾಕ್‌ನ ಹೊಸ ಎಕ್ಸೆಲ್ಲಿನಲ್ಲಿ ಮೂಕವಾಗಿ ಕೂಡುತ್ತಿತ್ತು. ಬಳಸುವವರು ದೂರಿದರು; ಮುಂದಿನ ಆವೃತ್ತಿಯಾದ ಆಫೀಸ್ 2011ರಲ್ಲಿ ವಿಬಿಎ ಮರಳಿ ಬಂದಿತು. ಎಕ್ಸೆಲ್ ಹುಟ್ಟಿದ ಮನೆಯಲ್ಲಿಯೇ ಅದರ ಭಾಷೆಗೆ ಕೆಲ ವರ್ಷ ಪ್ರವೇಶವಿರಲಿಲ್ಲವೆಂಬದು ವಿಚಿತ್ರವಲ್ಲವೇ?

ಈಗಲೂ ಸ್ಥಿತಿ ಪೂರ್ತಿ ಸುಧಾರಿಸಿಲ್ಲ. ಮೊಬೈಲ್ ಫೋನಿನ ಎಕ್ಸೆಲ್ಲಿನಲ್ಲಿಯೂ, ಅಂತರ್ಜಾಲದ ಮೂಲಕ ತೆರೆಯುವ ಎಕ್ಸೆಲ್ಲಿನಲ್ಲಿಯೂ ವಿಬಿಎ ಮ್ಯಾಕ್ರೊಗಳು ನಡೆಯುವದಿಲ್ಲ. ಗೂಗಲ್ ಶೀಟ್ಸಿನಲ್ಲಿ ಮ್ಯಾಕ್ರೊ ಉಂಟು, ಆದರೆ ಅದರ ಭಾಷೆ ಬೇರೆ. ಯಾರಿಗೂ ಬೆಲೆಯಿಲ್ಲದೆ ದೊರೆಯುವ ಲಿಬ್ರೆಆಫೀಸ್ ಎಂಬದು ವಿಬಿಎಯನ್ನು ಬಹುಮಟ್ಟಿಗೆ ತಿಳಿದುಕೊಳ್ಳುವದಾದರೂ ಪೂರ್ಣವಾಗಿ ಅಲ್ಲ. ಭಾಷೆ ಒಂದೇ ಆದ ಕಡೆಯಲ್ಲಿಯೂ, ಫೈಲು ಇರುವ ದಾರಿಯನ್ನು ಬರೆಯುವ ಬಗೆ ವಿಂಡೋಸಿನಲ್ಲಿ ಒಂದು, ಮ್ಯಾಕ್‌ನಲ್ಲಿ ಮತ್ತೊಂದು. ಆದಕಾರಣ ಇಲ್ಲಿ ನಡೆದ ಮ್ಯಾಕ್ರೊ ಅಲ್ಲಿ ಎಡವುವದುಂಟು. ಎಕ್ಸೆಲ್ 2007ರಿಂದ ಫೈಲಿನ ಹೆಸರಿನ ಬಾಲದಲ್ಲಿಯೇ ಭೇದ ಬಂದಿದೆ: ಎಕ್ಸ್‌ಎಲ್‌ಎಸ್‌ಎಕ್ಸ್ ಎಂದು ಉಳಿಸಿದರೆ ಮ್ಯಾಕ್ರೊ ಬಿಟ್ಟುಹೋಗುವದು, ಎಕ್ಸ್‌ಎಲ್‌ಎಸ್‌ಎಮ್ ಎಂದು ಉಳಿಸಿದರೆ ಉಳಿಯುವದು. ಒಂದಕ್ಷರದ ಮೇಲೆ ಒಂದು ಸಂಘದ ಕಟ್ಟಳೆ ನಿಂತಿರುತ್ತದೆ!

ಹಾಗಾದರೆ ಎಲ್ಲ ಯಂತ್ರಗಳಲ್ಲಿಯೂ ಮ್ಯಾಕ್ರೊಗಳಿಗೆ ಬಾಗಿಲು ತೆರೆದಿಡಬಾರದೇಕೆ ಎಂದು ವಾಚಕರು ಕೇಳಬಹುದು. ಆ ಬಾಗಿಲಿನಿಂದ ಕಳ್ಳರೂ ಬರುವರು. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ಸು ಇಂಥ ಮ್ಯಾಕ್ರೊ ಆಗಿಯೇ ವರ್ಡ್ ಕಾಗದಗಳಲ್ಲಿ ಅಡಗಿ ಮಿಂಚಂಚೆಯ ಮೂಲಕ ದೇಶದೇಶಗಳಿಗೆ ಹಬ್ಬಿತು. ಅಂತರ್ಜಾಲದಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ತಡೆದು ನಿಲ್ಲಿಸುವ ಕ್ರಮವನ್ನು ಮೈಕ್ರೊಸಾಫ್ಟ್ 2022ರಲ್ಲಿ ಜಾರಿಗೆ ತಂದಿತು. ಅದು ಯೋಗ್ಯವಾದ ಕ್ರಮವೇ ಸರಿ. ಆದರೆ ಬೀಗದ ಕೈಯಿಲ್ಲದ ಮನೆಯವನೂ ಕಳ್ಳನೊಡನೆ ಹೊರಗೆ ನಿಲ್ಲುವದು ಅನಿವಾರ್ಯವಾಗುತ್ತದೆ.

ಇಂಥ ಮರೆವು ನಮ್ಮ ಆ ಸೀಮೆಗೆ ಹೊಸದೂ ಅಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರಗಳು 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳಿಕೆಯಲ್ಲಿದ್ದವು. ದಫ್ತರದ ಭಾಷೆ ಉರ್ದು, ವರ್ಷ ಫಸಲಿ, ನಾಣ್ಯ ಹಾಲಿ ಸಿಕ್ಕಾ. ಅಕ್ಕನ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಆ ಕಾಲದ ಕಾಗದಗಳು ಇಂದಿಗೂ ಇವೆ. ಹುಳ ಹತ್ತಿಲ್ಲ, ಮಸಿ ಮಾಸಿಲ್ಲ. ಓದುವವರು ಮಾತ್ರ ಮನೆಯಲ್ಲಿಲ್ಲ. ಯಾರಾದರೂ ಓದಿ ಹೇಳಿದರೂ, ಫಸಲಿ ವರ್ಷಕ್ಕೆ ಸುಮಾರು 590 ಕೂಡಿಸಿದರೆ ಇಸವಿ ಸಿಗುವದೆಂಬದೂ, ಹಾಲಿ ಸಿಕ್ಕಾ ಏಳು ರೂಪಾಯಿಗೆ ಕಂಪನಿ ರೂಪಾಯಿ ಆರೆಂಬದೂ ತಿಳಿಯದಿದ್ದರೆ ಆ ಅಂಕಿಗಳು ಬರಿಯ ಅಂಕಿಗಳು. 1957ರ ಏಪ್ರಿಲಿನಲ್ಲಿ ಆಣೆ-ಪೈಗಳು ಹೋಗಿ ನಯಾಪೈಸೆ ಬಂದಾಗಲೂ ಜನರು ಎಷ್ಟು ತಿಣುಕಿದರೆಂಬದನ್ನು ಹಿರಿಯರ ಬಾಯಿಂದ ಕೇಳಿದ್ದೇವೆ. ಆದರೆ ಆಗ ಆಣೆಗೂ ಪೈಸೆಗೂ ಇರುವ ಸಂಬಂಧವನ್ನು ಸರಕಾರವು ಬಹಿರಂಗವಾಗಿ ತಿಳಿಸಿತ್ತು. ನಮ್ಮ ಗುಂಡಿಯ ರೀತಿಯನ್ನು ತಿಳಿಸುವವರು ಯಾರು?

ಇನ್ನು ಕಥೆಗೆ ಬರೋಣ. ಆ ರವಿವಾರ ಅಕ್ಕನು ಎಲ್ಲರನ್ನೂ ಕರೆಸಿದಳು. ಎಳೆ ಕೂಸಿನ ತಾಯಿ ಬರಲೊಲ್ಲೆನೆಂದಾಗ, ತಾನೇ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಹಿಂದಿನಿಂದ ತಾಯಿಯೂ ಬರಬೇಕಾಯಿತು. ಆಕೆ ತನ್ನ ಚೀಟಿಯನ್ನು ಅರಿಷಿಣ-ಕುಂಕುಮದ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದಳು. ನಾನು ಅದನ್ನು ಬಿಡಿಸಿ ಬಡ್ಡಿಯ ಸಾಲನ್ನು ಗಟ್ಟಿಯಾಗಿ ಓದಿದೆ: ಸೊನ್ನೆ, ಸೊನ್ನೆ, 160, 140, 120, 100, 80, 60, 40, 20. ಕೂಡಿದರೆ 720.

ಓದುತ್ತಿದ್ದಂತೆಯೇ ಅರ್ಧ ಲೆಕ್ಕ ಬೆಳಕಿಗೆ ಬಂದಿತು. ತಿಂಗಳಿಂದ ತಿಂಗಳಿಗೆ ಬಡ್ಡಿ ಇಪ್ಪತ್ತು ಇಪ್ಪತ್ತು ಇಳಿಯುತ್ತದೆ. ಸಾವಿರ ರೂಪಾಯಿ ಅಸಲು ತೀರಿದರೆ ಅದರ ಬಡ್ಡಿ ಇಪ್ಪತ್ತು ತಪ್ಪಲೇಬೇಕಷ್ಟೆ. ಎಂದರೆ ಹುಡುಗನು ಮೊದಲಿನ ಹತ್ತು ಸಾವಿರಕ್ಕೆ ಕಡೆಯವರೆಗೂ ಬಡ್ಡಿ ಹಿಡಿದಿರಲಿಲ್ಲ; ಉಳಿದ ಸಾಲಕ್ಕೆ ಮಾತ್ರ ಹಿಡಿದಿದ್ದನು. ಆ ರೀತಿಯಿಂದ ಹತ್ತು ತಿಂಗಳಿಗೆ 200, 180, 160 ಎಂದು ಇಳಿಯುತ್ತ ಒಟ್ಟು 1,100 ರೂಪಾಯಿ ಆಗುವದು. ಒಂದೇ ದರ, ಒಂದೇ ಸಾಲ. ರೀತಿ ಬೇರೆಯಾದುದರಿಂದ 900 ರೂಪಾಯಿಯ ಅಂತರ! ಸಾಲ ಕೊಡುವವರೊಡನೆ ವ್ಯವಹರಿಸುವ ಪ್ರತಿಯೊಬ್ಬ ಗೃಹಸ್ಥನೂ ಕೇಳಿ ತಿಳಿದುಕೊಳ್ಳಬೇಕಾದ ಸಂಗತಿಯಿದು: ಬಡ್ಡಿ ಮೂಲ ಸಾಲಕ್ಕೋ, ಉಳಿದ ಸಾಲಕ್ಕೋ?

ಆದರೆ 1,100 ಎಲ್ಲಿ, 720 ಎಲ್ಲಿ? ಮೊದಲ ಎರಡು ತಿಂಗಳ 380 ರೂಪಾಯಿ ಏಕೆ ಬಿಟ್ಟಿತು? ಎಲ್ಲರೂ ಸುಮ್ಮನಾದರು. ಆಗ ಮೂಲೆಯಲ್ಲಿ ಕುಳಿತಿದ್ದ ಹಿರಿಯಳೊಬ್ಬಳು, ಅಕ್ಷರ ಬಾರದವಳು, ಮುಂದೆ ಬಾಗಿ, “ಅದು ಬಾಕಿ ಅಲ್ಲವ್ವಾ, ಬಾಣಂತನ. ನಾವೇ ಕೂಡಿ ಆಡಿದ ಮಾತು ಮರ್ತೀರೇನು?” ಎಂದಳು.

ಒಬ್ಬೊಬ್ಬರಿಗಾಗಿ ನೆನಪಾಯಿತು. ಸಂಘ ಕಟ್ಟಿದ ಹೊಸತರಲ್ಲಿ ಬಾಣಂತಿಯೊಬ್ಬಳು ಬಡ್ಡಿ ಕಟ್ಟಲೆಂದು ಕಿವಿಯ ಓಲೆಯನ್ನು ಅಡವಿಟ್ಟಿದ್ದಳಂತೆ. ಅದನ್ನು ಕೇಳಿ ನೊಂದುಕೊಂಡು, ಇನ್ನು ಮುಂದೆ ಬಾಣಂತನದ ಸಾಲಕ್ಕೆ ಎರಡು ತಿಂಗಳ ಬಡ್ಡಿ ಬೇಡವೆಂದು ಎಲ್ಲರೂ ಮಾತನಾಡಿಕೊಂಡಿದ್ದರು. ಆ ಮಾತನ್ನು ಹುಡುಗನಿಗೆ ಹೇಳಿದರು. ಅವನು ಅದನ್ನು ಮ್ಯಾಕ್ರೊದಲ್ಲಿ ಬರೆದನು. ಠರಾವು ಪುಸ್ತಕದಲ್ಲಿ ಮಾತ್ರ ಯಾರೂ ಬರೆಯಲಿಲ್ಲ. ಹದಿನೆಂಟು ಹೆಣ್ಣುಮಕ್ಕಳ ಅಂತಃಕರಣದಿಂದ ಹುಟ್ಟಿದ ಕಟ್ಟಳೆ ಒಂದು ಯಂತ್ರದ ಭಾಷೆಯಲ್ಲಿ ಅಡಗಿ ಕುಳಿತು, ಯಂತ್ರ ಬದಲಾದ ದಿನ ಕಣ್ಮರೆಯಾಗಿತ್ತು. ಅಷ್ಟೇ ಅಲ್ಲ, ಅದರ ಗುರುತು ತಿರುವುಮುರುವಾಗಿ, ರಿಯಾಯಿತಿ ಪಡೆದವಳನ್ನೇ ಬಾಕಿದಾರಳನ್ನಾಗಿ ಮಾಡಿತ್ತು.

ಲೆಕ್ಕ ಬರೆಯುತ್ತಿದ್ದ ಸೊಸೆಯ ಮುಖ ಸಣ್ಣದಾಯಿತು. ಅವಳದು ತಪ್ಪೆಂದು ಯಾರೂ ಅನ್ನಲಿಲ್ಲ; ಎನ್ನಲೂಬಾರದು. ತಿಳಿಸದೆ ಇದ್ದುದನ್ನು ತಿಳಿಯದೆ ಇದ್ದಳು. ಅಂದೇ 1,280 ರೂಪಾಯಿಯ ಬಾಕಿಯನ್ನು ಹೊಡೆದುಹಾಕಲಾಯಿತು. ಉಳಿದವರಿಂದ ಹೆಚ್ಚಾಗಿ ಬಂದ ಬಡ್ಡಿಯನ್ನು ಅವರವರ ಮುಂದಿನ ಕಂತಿನಲ್ಲಿ ಮುರಿದುಕೊಳ್ಳುವದೆಂದು ಗೊತ್ತಾಯಿತು. ಎಮ್ಮೆಯ ಸಾಲವೂ ಮಂಜೂರಾಯಿತು.

ಮರುದಿನ ಆ ಸೊಸೆಯೂ ನಾನೂ ಕೂಡಿ ಹಾಳೆಯನ್ನು ಹೊಸದಾಗಿ ಸಿದ್ಧಪಡಿಸಿದೆವು. ಗುಂಡಿಯನ್ನು ತೆಗೆದುಬಿಟ್ಟೆವು. ಹಿಂದಿನ ಉಳಿದ ಸಾಲದಿಂದ ಕಟ್ಟಿದ ಅಸಲನ್ನು ಕಳೆ. ಉಳಿದುದನ್ನು ಎರಡರಿಂದ ಗುಣಿಸಿ ನೂರರಿಂದ ಭಾಗಿಸು. ಬಾಣಂತನದ ಸಾಲವಾದರೆ ಮೊದಲೆರಡು ತಿಂಗಳು ಸೊನ್ನೆ ಇಡು. ಇಷ್ಟಕ್ಕೆಲ್ಲ ಸಾದಾ ಸೂತ್ರಗಳೇ ಸಾಕಾದವು. ಆಕೆಯ ಕಂಪ್ಯೂಟರಿನಲ್ಲಿಯೂ ನನ್ನ ಫೋನಿನಲ್ಲಿಯೂ ತೆರೆದು ನೋಡಿದೆವು. ಎರಡರಲ್ಲಿಯೂ 720 ಬಂದಿತು. ಚೀಟಿ ತಾನಾಗಿ ಅಚ್ಚಾಗುವದಿಲ್ಲವೆಂಬದೊಂದೇ ಕೊರತೆ. ಅದನ್ನು ಕೈಯಿಂದ ಬರೆದುಕೊಟ್ಟರಾಯಿತು.

ಈ ಅನುಭವದಿಂದ ಗೃಹಸ್ಥರು ಆಚರಣೆಗೆ ತರಬಹುದಾದ ಕೆಲವು ಮಾತುಗಳನ್ನು ಹೇಳಿ ಮುಗಿಸುವೆನು. ಮೊದಲನೆಯದಾಗಿ, ಸೂತ್ರದಿಂದ ಆಗುವ ಕೆಲಸಕ್ಕೆ ಮ್ಯಾಕ್ರೊವನ್ನು ಹಚ್ಚಬಾರದು. ಎರಡನೆಯದಾಗಿ, ಲೆಕ್ಕದ ರೀತಿಯನ್ನೂ, ಪ್ರತಿಯೊಂದು ಗುರುತಿನ ಅರ್ಥವನ್ನೂ ತಿಳಿಗನ್ನಡದಲ್ಲಿ ಫೈಲಿನ ಮೊದಲನೆಯ ಹಾಳೆಯಲ್ಲಿ ಬರೆದು, ಕೆಳಗೆ ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ತೋರಿಸಬೇಕು. ಅದರದೊಂದು ಪ್ರತಿ ಕಾಗದದ ಮೇಲೂ ಇರಬೇಕು. ಮೂರನೆಯದಾಗಿ, ಮ್ಯಾಕ್ರೊ ಇರಲೇಬೇಕಾದರೆ ಅದರ ಬರಹವನ್ನು ಸಾದಾ ಅಕ್ಷರದ ಫೈಲಾಗಿ ಬೇರೆ ತೆಗೆದಿಡಬೇಕು. ಬಲ್ಲವರು ಮುಂದೆ ಓದಿ ಅರ್ಥ ಮಾಡಬಹುದು. ನಾಲ್ಕನೆಯದಾಗಿ, ಹೊಸ ಯಂತ್ರದಲ್ಲಿ ತೆರೆಯುವ ಮುಂಚೆ ಮೂಲ ಫೈಲಿನ ಪ್ರತಿಯನ್ನು ಮುಟ್ಟದಂತೆ ಎತ್ತಿಟ್ಟು, ತೆರೆದ ಮೇಲೆ ಉತ್ತರ ಗೊತ್ತಿರುವ ಹಳೆಯ ಖಾತೆಯೊಂದನ್ನು ಮಾಡಿ ತಾಳೆ ನೋಡಬೇಕು. ಎಚ್ಚರಿಕೆಯ ಮಾತು ತೆರೆಯ ಮೇಲೆ ಬಂದಾಗ ಓದದೆ ‘ಆಗಲಿ’ ಎಂದು ಒತ್ತಬಾರದು. ಗುರುತಿಲ್ಲದವರು ಕಳಿಸಿದ ಫೈಲಿನ ಮ್ಯಾಕ್ರೊಗಳಿಗೆ ಮಾತ್ರ ಎಂದಿಗೂ ಅಪ್ಪಣೆ ಕೊಡಕೂಡದು.

ನಾನು ಹೊರಟ ದಿನ ಅಕ್ಕನು ಠರಾವು ಪುಸ್ತಕವನ್ನು ತೆಗೆದು, ಬಾಣಂತನದ ಸಾಲದ ಕಟ್ಟಳೆಯನ್ನು ತನ್ನ ದುಂಡಕ್ಷರದಲ್ಲಿ ಬರೆದು, ಎಲ್ಲರ ಮುಂದೆ ಓದಿ ಹೇಳಿದಳು. ಹದಿನೆಂಟು ಮಂದಿಯ ರುಜುಗಳೂ ಹೆಬ್ಬೆಟ್ಟುಗಳೂ ಅದರ ಕೆಳಗೆ ಬಿದ್ದವು. ಮೂಲೆಯ ಹಿರಿಯಳು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “‘ಬಾಣಂತನ’ ಅಂತ ಪೂರಾ ಬರಿಯವ್ವಾ, ಒಂದೇ ಅಕ್ಷರ ಬರದು ಬಿಡಬ್ಯಾಡ” ಎಂದಳು. ಅಕ್ಕನು ಪೂರಾ ಬರೆದಿದ್ದಳು.